ಅಲ್ ಶಮಾಲಿಗೆ ಗುರುವಾರದ ನೀರು

ದೋಹಾದ ಅಲ್ ಹಿಲಾಲ್ ಬಡಾವಣೆಯ ದಾಕ್ಷಾಯಣಿ ಕುಪ್ಪಸದ ಹೊಲಿಗೆ ಬಿಚ್ಚಬೇಕಾದರೂ ಕತ್ತರಿ ಹಾಕುವವಳಲ್ಲ, ಒಂದೊಂದೇ ಎಳೆ ಬಿಡಿಸುವವಳು. ಗದಗಿನ ಹುಡುಗಿ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿತು, ಗ್ಯಾಸ್ ಪ್ಲಾಂಟಿನ ಸಂಜೀವನನ್ನು ಮದುವೆಯಾಗಿ ದೋಹಾಕ್ಕೆ ಬಂದಳು. ಟ್ಯಾಂಕರಿನಲ್ಲಿ ಕುಡಿಯುವ ನೀರು ಹಂಚುವ ಕಂಪನಿಯೊಂದರಲ್ಲಿ ಪ್ರೋಗ್ರಾಮ್ ನೋಡಿಕೊಳ್ಳುವ ಕೆಲಸ ಅವಳದು. ಯಾವ ದಿನ ಯಾವ ಟ್ಯಾಂಕರು ಎಲ್ಲಿಗೆ ಎಂದು ಆ ಪ್ರೋಗ್ರಾಮ್ ಹೇಳಬೇಕು, ಡ್ರೈವರುಗಳು ಹೋಗಬೇಕು.

ಎರಡು ಸಾವಿರದ ಮೂರರಲ್ಲಿ ಕತಾರಿನ ವಾರದ ರಜೆ ಬದಲಾಯಿತು. ಗುರುವಾರ, ಶುಕ್ರವಾರ ಇದ್ದದ್ದು ಶುಕ್ರವಾರ, ಶನಿವಾರವಾಯಿತು. ಮುಚ್ಚಿದ ಆಫೀಸಿಗೆ ನೀರು ಒಯ್ದರೆ ಇಳಿಸಿಕೊಳ್ಳುವವರು ಯಾರು? ಪ್ರೋಗ್ರಾಮನ್ನೂ ಬದಲಿಸಬೇಕಾಯಿತು. ಅದನ್ನು ಬರೆದವನು ಎಂದೋ ಕೆಲಸ ಬಿಟ್ಟಿದ್ದ. ರಜೆ ಯಾವತ್ತು ಎಂದು ಒಂದೇ ಕಡೆ ಹೇಳಿಡುವ ಬದಲು, ಮಂಡಕ್ಕಿ ಚೆಲ್ಲಿದ ಹಾಗೆ ಕಂಡಕಂಡಲ್ಲಿ ಗುರುವಾರ ಎಂದು ಬರೆದಿಟ್ಟಿದ್ದ.

ಮಂಗಳವಾರ ಬೆಳಿಗ್ಗೆ ಮ್ಯಾನೇಜರ್ ಅಲೋಶಿಯಸ್ ಅವಳ ಮೇಜಿನ ಮುಂದೆ ನಿಂತ. ಅವನು ಮಂಗಳೂರಿನವನು.

“ಎಂತ ಮಾರಾಯ್ತಿ, ಇನ್ನೂ ಆಗ್ಲಿಲ್ವಾ? ಗುರುವಾರ ತೆಗಿ, ಶನಿವಾರ ಹಾಕು. ಒಂದು ಬಟನ್ ಒತ್ತಿದ್ರೆ ಎಲ್ಲ ಒಟ್ಟಿಗೆ ಬದಲಾಗ್ತದೆ. ಖಲಾಸ್.”

“ಬದಲಾಗ್ತದ್ರಿ. ಏನೇನು ಬದಲಾತು ಅಂತ ನೋಡ್ಬೇಕಲ್ಲ?”

“ನಾಡಿದ್ದು ಗುರುವಾರ. ನೀರು ತಪ್ಪಿದ್ರೆ ಕಾಂಟ್ರಾಕ್ಟ್ ಹೋಗ್ತದೆ, ನನಗೂ ನಿನಗೂ ಊರಿಗೆ ಟಿಕೆಟ್.”

“ಕಿಟಕಿ ಸೀಟ್ ತಗೊಳ್ರಿ ಸರ್. ನನಗ ಸಂಜೀತನಕ ಬಿಡ್ರಿ.”

ನಡೆಯುತ್ತಿದ್ದ ಪ್ರೋಗ್ರಾಮನ್ನು ಅವಳು ಮುಟ್ಟಲಿಲ್ಲ. ಅದರ ನಕಲು ಮಾಡಿಕೊಂಡು, ನಕಲಿನಲ್ಲಿ ಅಲೋಶಿಯಸ್ ಹೇಳಿದಂತೆಯೇ ಮಾಡಿದಳು. ಆಮೇಲೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಊರೂರು ನೋಡುತ್ತ ಹೋದಳು. ದೋಹಾದ ಆಫೀಸುಗಳು ಸರಿ. ಪಕ್ಕದ ಮುಐದರಿನವೂ ಸರಿ. ಉತ್ತರದ ತುದಿಗೆ ಬಂದಾಗ ಕೈ ನಿಂತಿತು. ಅಲ್ ಶಮಾಲಿನ ಕೂಲಿಕಾರರ ಕ್ಯಾಂಪಿಗೆ ಗುರುವಾರ ಹೋಗಬೇಕಾದ ಟ್ಯಾಂಕರು ಶನಿವಾರಕ್ಕೆ ಹಾರಿತ್ತು. ಅಲ್ಲಿ ಗುರುವಾರ ಎಂದರೆ ರಜೆಯಲ್ಲ, ನೀರಿನ ಪಾಳಿ ಇರಬೇಕು. ಇರಬೇಕು ಎಂದುಕೊಂಡು ಸುಮ್ಮನಾಗಲಿಲ್ಲ. ಕ್ಯಾಂಪ್ ನೋಡಿಕೊಳ್ಳುವ ಬಾಗಲಕೋಟೆಯ ಪಂಚಪ್ಪನಿಗೆ ಫೋನ್ ಹಚ್ಚಿದಳು.

“ಪಂಚಪ್ಪಣ್ಣ, ನಿಮ್ಮ ನೀರು ಶನಿವಾರ ಬಂದ್ರ ನಡೀತದೇನು?”

“ಅಕ್ಕಾರ, ಗುರುವಾರ ಮುಂಜಾನಿಗೆ ಟಾಕಿ ತಳ ಕಾಣ್ತದ. ಎರಡು ದಿನ ಮಂದಿ ಬೆವರು ಕುಡೀಬೇಕೇನ್ರಿ?”

ಮಧ್ಯಾಹ್ನ ಮತ್ತೆ ಬಂದ ಅಲೋಶಿಯಸ್ ಕ್ಯಾಂಪಿನ ವಿಷಯ ಅವಳಿಂದ ಕೇಳಿ ತಿಳಿದ. “ಒಂದೇ ಕ್ಯಾಂಪ್ ಅಲ್ವಾ? ಅದನ್ನು ಮಾತ್ರ ಕೈಯಲ್ಲಿ ಸರಿ ಮಾಡಿ ಬಿಡು.”

“ನಾನೇನೋ ಮಾಡ್ತೀನಿ. ಮುಂದ ಇನ್ನೊಬ್ಬರು ಬಂದು ಬಟನ್ ಒತ್ತಿದ್ರ?”

ಅವನು ಗಡಿಯಾರ ನೋಡುತ್ತ ತನ್ನ ಮೇಜಿಗೆ ಹೋದ. ದಾಕ್ಷಾಯಣಿ ಆ ನಕಲನ್ನು ಎಸೆದು ಹೊಸದಾಗಿ ಕೂತಳು. ಒಂದೊಂದು ಗುರುವಾರದ ಮುಂದೆಯೂ ನಿಂತು, ಇದು ರಜೆಯೋ ಪಾಳಿಯೋ ಎಂದು ವಿಚಾರಿಸಿದಳು. ರಜೆಗಳನ್ನೆಲ್ಲ ತಂದು ಒಂದೇ ಕಡೆ ಕಟ್ಟಿದಳು, ಪಾಳಿಗಳನ್ನು ಇದ್ದಲ್ಲೇ ಬಿಟ್ಟಳು. ಒಂದು ಬದಲಿಸುವುದು, ನಡೆಸಿ ನೋಡುವುದು, ಸರಿಯಿದ್ದರೆ ಮುಂದಿನದು. ಎರಡನ್ನು ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದರಿಂದ ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ಯಾಕೆ ಹೀಗೆ ಮಾಡಿದೆ ಎಂದು ಪಕ್ಕದಲ್ಲೇ ಬರೆದಳು. ಏನು ಮಾಡಿದೆ ಎಂಬುದು ಓದಿದರೆ ತಿಳಿದೀತು, ಯಾಕೆ ಎಂಬುದು ಬರೆಯದೆ ಯಾರಿಗೂ ತಿಳಿಯದು. ಬಿಟ್ಟುಹೋದವನನ್ನು ಬೈಯಲಿಲ್ಲ. ರಜೆ ಬದಲಾದೀತೆಂದು ಅವನಿಗೆ ಕನಸು ಬಿದ್ದಿತ್ತೇ? ಸಂಜೆ ಹೊಸದನ್ನು ಹಾಕಿದಳು, ಬೇಕಾದರೆ ಹಿಂದೆ ಹೋಗಲು ಹಳೆಯದನ್ನು ಜೋಪಾನವಾಗಿಟ್ಟಳು.

ಗುರುವಾರ ಹತ್ತು ಗಂಟೆಗೆ ಫೋನ್ ಬಂತು. ಅಲೋಶಿಯಸ್ ಕೂತಲ್ಲಿಂದ ಎದ್ದು ಬಂದ.

“ಯಾರು? ಕಂಪ್ಲೇಂಟಾ?”

“ಪಂಚಪ್ಪಣ್ಣ. ನೀರು ಬಂತಂತ.”

“ನೀರು ಬಂದದ್ದಕ್ಕೂ ಫೋನ್ ಮಾಡ್ತಾರಾ?”

“ನಾನ ಹೇಳಿದ್ದೆ, ಬಂದಕೂಡ್ಲೆ ತಿಳಸ್ರಿ ಅಂತ. ಕುಡಿಯೋರು ಬಂತು ಅನ್ನೋತನಕ ಕೆಲಸ ಮುಗದಂಗ ಅಲ್ರಿ.”

ಅಲೋಶಿಯಸ್ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತ.

“ರಮ್ಜಾನ್ ಬರ್ತಾ ಉಂಟು. ಟೈಮಿಂಗ್ ಎಲ್ಲ ಬದಲಾಗ್ತದೆ. ಅದಕ್ಕೆ ಎಷ್ಟು ದಿನ ಬೇಕು, ನೀನೇ ಹೇಳು.”