ದಾರದಲ್ಲಿ ಬ್ರೆಡ್ಡು ಕೊಯ್ಯುತ್ತಿದ್ದ ಮಾರ್ತಾ ಬಾಯಿ

ಆ ಬೆಳಿಗ್ಗೆಯೂ ಗಂಡನಿಗೆ ಬುತ್ತಿ ಕಟ್ಟಿ ಮಸ್ಕತ್ತಿನ ಹೊರಗಿನ ರುಸೈಲಿನ ಫ್ಯಾಕ್ಟರಿಗೆ ಕಳಿಸಿ, ಮಕ್ಕಳನ್ನು ಶಾಲೆಯ ಬಸ್ಸು ಹತ್ತಿಸಿ ಬಂದು, ಹೊಲಿಗೆಯ ದಾರದಿಂದ ಬ್ರೆಡ್ಡು ಕೊಯ್ಯುತ್ತಿದ್ದೆ. ಕಲಿಸಿದವರು ಕೆಳಮಹಡಿಯ ಮಾರ್ತಾ ಬಾಯಿ. ಚೂರಿ ಕಂಡರೆ ಸಿಡುಕುತ್ತಿದ್ದರು: "ಅದು ಪುಡಿ ಉದುರಿಸುತ್ತದೆ. ಪುಡಿಯೂ ಊಟವೇ." ಅವರ ನಿಯಮ ಒಂದೇ: ಕೊಯ್ದವಳು ಆರಿಸಬಾರದು, ಇನ್ನೊಬ್ಬಳು ಮೊದಲು ತೆಗೆದುಕೊಳ್ಳಬೇಕು. ಒಮ್ಮೆ ನಾನೇ ಕೊಯ್ದು, ಅತಿಥಿಯಲ್ಲವೇ ಎಂದು ದೊಡ್ಡ ತುಂಡನ್ನು ಅವರ ತಟ್ಟೆಗೆ ಹಾಕಿದೆ. ತಟ್ಟೆಯನ್ನೇ ತಳ್ಳಿಬಿಟ್ಟರು. "ನನ್ನ ಪಾಲು ನೀನು ಆರಿಸಬೇಡ!"

ಅವರು ಹಂಗೇರಿಯ ಯಹೂದಿ; 'ಬಾಯಿ' ಎಂದು ಮರ್ಯಾದೆಗೆ ಸೇರಿಸಿದ್ದು ನಾನು. ಮಸ್ಕತ್ತಿನಲ್ಲಿ ನರ್ಸಾಗಿದ್ದ ಮಗಳ ಜೊತೆ ಇದ್ದರು. ಎಂಬತ್ತರ ದಶಕದ ಆ ವರ್ಷಗಳಲ್ಲಿ ನಾವು ದಿನವೂ ಚಾಕ್ಕೆ ಕೂರುತ್ತಿದ್ದೆವು. ಹತ್ತೊಂಬತ್ತರ ಪ್ರಾಯದಲ್ಲಿ ಅವರನ್ನು ನಾಜಿಗಳು ಶಿಬಿರಕ್ಕೆ ಒಯ್ದಿದ್ದರು. ಮನೆಯವರಲ್ಲಿ ಒಬ್ಬರೂ ಉಳಿಯಲಿಲ್ಲ. ಜೊತೆಗೆ ಇದ್ದದ್ದು ಪಕ್ಕದ ಹಲಗೆಯಲ್ಲಿ ಮಲಗುತ್ತಿದ್ದ ಇಲೊನಾ. ಒಂದು ತುಂಡು ಬ್ರೆಡ್ಡನ್ನು ಅಂಗಿಯಿಂದ ಎಳೆದ ನೂಲಿನಲ್ಲಿ ಇಬ್ಬರಿಗೂ ಸಮ ಮಾಡಿದವಳು ಅವಳು. ಹಿಮದಲ್ಲಿ ಗಂಟೆಗಟ್ಟಲೆ ಸಾಲಾಗಿ ನಿಲ್ಲಿಸಿ ತಲೆ ಎಣಿಸುವಾಗ ಜ್ವರದ ಮಾರ್ತಾರನ್ನು ಹೆಗಲು ಕೊಟ್ಟು ನಿಲ್ಲಿಸಿದವಳೂ ಅವಳೇ. ಬಿದ್ದವರನ್ನು ಎಳೆದೊಯ್ಯುತ್ತಿದ್ದರು.

ಕಾನ್ವೆಂಟಿನ ಅಭ್ಯಾಸ ನೋಡಿ, ಇದನ್ನು ಕೇಳಿ ನಾನು, "ಅಂತೂ ದೇವರು ನಿಮ್ಮನ್ನು ಕಾಪಾಡಿದ" ಅಂದುಬಿಟ್ಟೆ.

ಲೋಟ ಕುಕ್ಕಿದರು. ಚಾ ನನ್ನ ಕಸೂತಿ ಬಟ್ಟೆಯ ಮೇಲೆಲ್ಲ ಚೆಲ್ಲಿತು.

"ದೇವರಾ? ಆ ಸಾಲಿನಲ್ಲಿ ಅವನು ನಿಂತಿರಲಿಲ್ಲ. ಇಲೊನಾ ನಿಂತಿದ್ದಳು. ಅವಳ ಹೆಸರು ಹೇಳು!"

ಹೇಳಿದೆ.

"ಶಿಬಿರದ ಗೇಟು ತೆರೆಯಲು ಒಂದು ವಾರವಿತ್ತು, ಹೋಗಿಬಿಟ್ಟಳು. ಅವಳಿಗೆ ಗೋರಿಯೂ ಇಲ್ಲ. ನಾನು ಸತ್ತರೆ ಅವಳ ಹೆಸರು ಹೇಳುವವರೂ ಇಲ್ಲ. ನೀನು ಸಂಜೆ ಸಂಜೆ ಪ್ರಾರ್ಥನೆ ಮಾಡುವವಳು ತಾನೇ? ಅಲ್ಲಿ ಹೇಳು. ನಿನ್ನ ದೇವರಿಗೂ ಕೇಳಲಿ."

ಸಿಟ್ಟು ಹೀಗೂ ಪ್ರೀತಿಯಾಗಿರಬಹುದೆಂದು ನನಗೆ ಯಾವ ಸಿಸ್ಟರೂ ಕಲಿಸಿರಲಿಲ್ಲ.

ಆ ಬೆಳಿಗ್ಗೆ ದಾರ ಇನ್ನೂ ಬ್ರೆಡ್ಡಿನ ನಡುವೆ ಇದ್ದಾಗ ಅವರ ಮಗಳು ಬಾಗಿಲು ತಟ್ಟಿದಳು. ಮಾರ್ತಾ ಬಾಯಿ ನಿದ್ದೆಯಲ್ಲೇ ತೀರಿಕೊಂಡಿದ್ದರು.

ಸಂಜೆ ನಮ್ಮ ಮನೆಯಲ್ಲಿ ಊರ ಕಡೆಯ ಕ್ರೈಸ್ತ ಹೆಂಗಸರ ಜಪಸರದ ಪ್ರಾರ್ಥನೆಯಿತ್ತು. ಕೊನೆಯಲ್ಲಿ ಸತ್ತವರ ಹೆಸರು ಹೇಳುವ ಹೊತ್ತಿಗೆ, "ಮಾರ್ತಾ, ಇಲೊನಾ" ಅಂದೆ. ಯಾರೂ ದನಿಗೂಡಿಸಲಿಲ್ಲ. ಎಂದೂ ಗಟ್ಟಿಯಾಗಿ ಮಾತಾಡದ ನಾನು ಕಿರುಚಿದಂತೆ ಮತ್ತೊಮ್ಮೆ ಹೇಳಿದೆ. ಆಗ ಎಲ್ಲರೂ ಗಡಿಬಿಡಿಯಿಂದ ಪ್ರಾರ್ಥಿಸಿದರು.

ಬೆಳಿಗ್ಗೆ ಕೊಯ್ದ ಬ್ರೆಡ್ಡನ್ನೇ ಚಾದ ಜೊತೆ ಇಟ್ಟಿದ್ದೆ. ಪಕ್ಕದ ಮನೆಯ ಲೀನಾ ದೊಡ್ಡ ತುಂಡನ್ನು ಆರಿಸಿಕೊಂಡು ಅಂದಳು:

"ಮಾರ್ತಾ ಸರಿ. ಇದ್ಯಾರು ಮಾರಾಯ್ತಿ ಇಲೊನಾ? ಗುರ್ತ ಇಲ್ಲದವರನ್ನೆಲ್ಲ ಸೇರಿಸಿದ್ರೆ ಮುಗಿಲಿಕ್ಕೆ ಉಂಟಾ? ನೋಡು, ಚಾ ತಣ್ಣಗಾಯ್ತು."