ಜಾಲಿಮರದ ಜೋಡಿ ಗಿಡುಗ

ನಾನು ಓದು ನಿಲ್ಲಿಸಿದ್ದು 1994ರಲ್ಲಿ, ಏಳನೇ ತರಗತಿಯ ಅರ್ಧದಲ್ಲಿ. ಯಾರೂ ಬಿಡಿಸಲಿಲ್ಲ. ಅಪ್ಪನಿಗೆ ಸೊಂಟ ಹಿಡಿದುಕೊಂಡಿತ್ತು, ನೇಗಿಲ ಹಿಂದೆ ಒಬ್ಬರು ಬೇಕಿತ್ತು, ನಾನೇ ಚೀಲವನ್ನು ಗೂಟಕ್ಕೆ ತಗುಲಿಹಾಕಿ ಗದ್ದೆಗೆ ಇಳಿದೆ. ಆಮೇಲೆ ಟ್ರ್ಯಾಕ್ಟರ್ ಕಲಿತೆ. ಈಗಲೂ ಶಿಕಾರಿಪುರದ ಈ ಕಡೆಯಿಂದ ಸೊರಬದ ಹಳ್ಳಿಗಳವರೆಗೆ ಉಳುಮೆಗೆ ನನ್ನನ್ನು ಕರೆಯುತ್ತಾರೆ. ನಾನು ಹದ ಮಾಡಿದ ಗದ್ದೆಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ ಎನ್ನುತ್ತಾರೆ. ನಿಲ್ಲುತ್ತದೆ, ಸುಳ್ಳಲ್ಲ.

ಬೇಟೆ ಹಕ್ಕಿಗಳನ್ನು ನಾನು ಕಲಿತದ್ದು ಆ ಸೀಟಿನ ಮೇಲೆ ಕೂತೇ. ಮಣ್ಣು ಮಗುಚಿದ ಕೂಡಲೇ ಇಲಿ, ಏಡಿ, ಕಪ್ಪೆ ಹೊರಗೆ ಬರುತ್ತವೆ. ಅವುಗಳ ಹಿಂದೆ ಹದ್ದು ಬರುತ್ತದೆ. ಹದ್ದಿನ ಬಾಲ ಕವಲು, ಆದರೆ ತಿರುಗುವಾಗ ಬಾಲ ಅಗಲಿಸಿದರೆ ಆ ಕವಲು ಕಾಣುವುದಿಲ್ಲ. ಹೊಸಬರು ಅಲ್ಲೇ ಸೋಲುತ್ತಾರೆ. ಗರುಡನ ಬಾಲ ಗುಂಡಗೆ. ಕತ್ತು ಬೆಳ್ಳಗಿದ್ದರೆ ಯಾರಾದರೂ ಹೇಳುತ್ತಾರೆ, ಮರಿ ಗರುಡ ಮಾತ್ರ ಪೂರ್ತಿ ಕಂದು ಬಣ್ಣ, ಅದನ್ನು ಹದ್ದು ಎಂದುಕೊಂಡು ಕೈ ಮುಗಿಯದೆ ಬಿಟ್ಟವರು ನಮ್ಮೂರಲ್ಲೇ ಎಷ್ಟೋ ಮಂದಿ. ಸೊರಬದ ಕಾಡಿನ ಅಂಚಿನಲ್ಲಿ ಉಳುವಾಗ ಹಾವು ಹಿಡಿಯುವ ದೊಡ್ಡ ಗಿಡುಗ ಸಿಗುತ್ತಿತ್ತು. ರೆಕ್ಕೆಯ ಕೆಳಗೆ ಅಗಲವಾದ ಬಿಳಿ ಪಟ್ಟಿ, ಮಧ್ಯಾಹ್ನದ ಬಿಸಿಲಿನಲ್ಲಿ ಎತ್ತರದಿಂದ ಸಿಳ್ಳೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಗಾಳಿಯಲ್ಲಿ ನಿಲ್ಲುವ ಸಣ್ಣ ಗಿಡುಗ. ಮೈ ಬೂದು ಬಿಳಿ, ಹೆಗಲು ಕಪ್ಪು, ಕಣ್ಣು ಕೆಂಪು. ಕಾಲು ಇಳಿಬಿಟ್ಟು ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತ ನಿಂತು ಇಲಿಯನ್ನು ನೋಡುತ್ತದೆ. ನಾನು ಅದಕ್ಕೆ ತೂಗು ಗಿಡುಗ ಎಂದು ಹೆಸರಿಟ್ಟಿದ್ದೆ.

ಈ ವಿದ್ಯೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದವಳು ನನ್ನ ಮಗಳು. ಅವಳು ಶಿಕಾರಿಪುರದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಳು. ಕಾಲೇಜಿನ ದುರ್ಬೀನು ತಂದು ಭಾನುವಾರ ಗದ್ದೆಗೆ ಬರುತ್ತಿದ್ದಳು.

ಮೊದಲ ದಿನವೇ ನನ್ನನ್ನು ತಿದ್ದಲು ನೋಡಿದಳು. "ಅಪ್ಪ, ಅದು ಹದ್ದು."

"ಗರುಡನ ಮರಿ."

"ಕತ್ತು ಬಿಳೀ ಇಲ್ವಲ್ಲ."

"ನಿನ್ ಕತ್ತು ಹುಟ್ಟಿದಾಗ ಹಿಂಗೇ ಇತ್ತಾ? ಬಾಲ ನೋಡು ಮಗಾ, ಬಾಲ."

ಅವಳು ದುರ್ಬೀನು ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಪುಸ್ತಕದಲ್ಲಿ ಏನೋ ಬರೆದಳು. ಬಗ್ಗಿ ನೋಡಿದರೆ, ಗರುಡ, ಎಳೆಯದು, ಗುರುತಿಸಿದವರು ಅಪ್ಪ, ಎಂದಿತ್ತು. ನನ್ನ ಹೆಸರಿನಲ್ಲಿ ಜಮೀನಿನ ಪಹಣಿ ಬಂದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ನಮ್ಮ ಗದ್ದೆ ಅಂಜನಾಪುರದ ಕಾಲುವೆಯ ನೀರು ಬರುವ ಕಡೆ ಇದೆ. ಬದುವಿನ ಮೇಲೆ ಒಂದು ಜಾಲಿಮರ. ಅವಳ ಕಾಲೇಜಿನ ಕೊನೆಯ ವರ್ಷ, ಮಳೆ ಹಿಂದೆ ಸರಿಯುವ ಹೊತ್ತಿಗೆ, ಅದರಲ್ಲಿ ತೂಗು ಗಿಡುಗದ ಜೋಡಿಯೊಂದು ಗೂಡು ಕಟ್ಟಿತು. ಗೂಡು ಕಟ್ಟಿದಾಗಿನಿಂದ ಮರಿ ಹಾರುವವರೆಗೆ ಬರೆದಿಟ್ಟರೆ ಅದೇ ನಿನ್ನ ಪ್ರಾಜೆಕ್ಟ್ ಎಂದು ಮೇಷ್ಟ್ರು ಹೇಳಿದರಂತೆ. ಅವಳು ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಒಂದು ಗಂಟೆ, ಬಂದ ಮೇಲೆ ಒಂದು ಗಂಟೆ ಬದುವಿನ ಮೇಲೆ ಕೂರುತ್ತಿದ್ದಳು. ಇಲಿ ತರುವುದು ಗಂಡು, ಹರಿದು ಮರಿಗಳಿಗೆ ಕೊಡುವುದು ಹೆಣ್ಣು. ಮೂರು ಮರಿ.

ಆ ವರ್ಷ ಇಲಿ ವಿಪರೀತವಿತ್ತು. ಹೊಡೆ ತುಂಬಿದ ಭತ್ತವನ್ನು ಬುಡದಲ್ಲೇ ಕತ್ತರಿಸುತ್ತಿದ್ದವು. ಭೂಮಿ ಹುಣ್ಣಿಮೆ ಆಗುವ ತನಕ ಇಲಿಯನ್ನು ಮುಟ್ಟಬಾರದು ಎಂದು ಅವ್ವ ಹಟ ಹಿಡಿದಳು. ಅಂದು ಗದ್ದೆ ಬಸುರಿ ಎಂದು ಪೂಜೆ ಮಾಡಿ, ಬೇಯಿಸಿದ ಸೊಪ್ಪು ಅನ್ನದ ಚರಗವನ್ನು ಗದ್ದೆಗೆಲ್ಲ ಚೆಲ್ಲುತ್ತೇವೆ. ಕಾಗೆಗೆ ಕಡುಬಿನ ಒಂದು ಎಡೆ ಇಡುತ್ತೇವೆ, ಇಲಿಗೆ ಒಂದು ಎಡೆ ಮಣ್ಣಿನಲ್ಲಿ ಹೂಳುತ್ತೇವೆ. "ಅದಕ್ಕೂ ಒಂದು ಪಾಲು ಐತಪ್ಪ," ಎಂದಳು ಅವ್ವ. ಹುಣ್ಣಿಮೆಯ ತನಕ ಕಾದೆ.

ಮಾರನೇ ದಿನ ಶಿರಾಳಕೊಪ್ಪಕ್ಕೆ ಹೋಗಿ ಗೊಬ್ಬರದ ಅಂಗಡಿಯಲ್ಲಿ ಇಲಿಮದ್ದು ಕೇಳಿದೆ. ಅಂಗಡಿಯವನು ಹೊಸ ಬಗೆಯದು ಕೊಟ್ಟ.

"ಇದು ತಿಂದ್ರೆ ಅಲ್ಲೇ ಸಾಯಲ್ರೀ. ನಾಕು ದಿನ ಓಡಾಡ್ತಾವೆ. ಹಂಗಾಗಿ ಉಳಿದವಕ್ಕೆ ಅನುಮಾನ ಬರಲ್ಲ. ಬಿಲದೊಳಗೆ ಹಾಕಿ ಬಾಯಿ ಮುಚ್ರಿ, ಸತ್ತಿದ್ನ ಆರಿಸಿ ಹೂಳ್ರಿ. ಕಾಗದ ಒಳಗೈತೆ, ಓದ್ಕಳ್ರಿ."

"ಇಲಿಗೆ ಮದ್ದು ಹಾಕಾದು ನಂಗೆ ಕಾಗದ ಹೇಳ್ಕೊಡ್ಬೇಕಾ?" ಎಂದೆ. ಅವನು ನಕ್ಕ. ನಾನೂ ನಕ್ಕೆ.

ಎಲ್ಲರೂ ಮಂಡಕ್ಕಿಗೆ ಕಲಸುತ್ತಾರೆ. ಬುದ್ಧಿವಂತ ಇಲಿ ಮಂಡಕ್ಕಿಯನ್ನು ಮುಟ್ಟುವುದಿಲ್ಲ. ಮನೆಯಲ್ಲಿ ಹುಣ್ಣಿಮೆಯ ಕಡುಬು ಉಳಿದಿತ್ತು. ಹೂಳಿದ ಎಡೆಯನ್ನು ಇಲಿಗಳು ಆಗಲೇ ತೋಡಿ ತಿಂದಿದ್ದವು, ಆ ರುಚಿ ಅವಕ್ಕೆ ಹತ್ತಿತ್ತು. ಕಡುಬನ್ನು ಪುಡಿಮಾಡಿ ಮದ್ದು ಕಲಸಿದೆ. ಬಿಲ ಹುಡುಕುವ ಕೆಲಸವೂ ತಪ್ಪಿತೆಂದು ಎಡೆ ಇಟ್ಟ ಜಾಗದಿಂದ ಬದುವಿನ ಉದ್ದಕ್ಕೂ ಬಯಲಲ್ಲೇ ಇಟ್ಟುಕೊಂಡು ಹೋದೆ. ಬೆಳಗಾಗುವುದರೊಳಗೆ ಒಂದು ತುಣುಕೂ ಉಳಿದಿರಲಿಲ್ಲ. ನನ್ನ ಉಪಾಯವನ್ನು ನಾನೇ ಮೆಚ್ಚಿಕೊಂಡೆ.

ಐದನೇ ದಿನ ಸೊರಬದ ಕಡೆ ಜೋಳದ ಹೊಲದಲ್ಲಿದ್ದೆ. ಮಗಳು ಫೋನ್ ಮಾಡಿದಳು.

"ಅಪ್ಪ, ಇವತ್ತು ಬೆಳಿಗ್ಗೆನೇ ಐದು ಇಲಿ ತಂತು ಗಂಡು. ಇಷ್ಟ್ ದಿನದಾಗೆ ಇದೇ ಜಾಸ್ತಿ. ಇಲಿಗಳು ಕುಡಿದೋರಂಗೆ ಬದುವಿನ ಮೇಲೇ ತೂರಾಡ್ತಾವೆ, ಅದು ಸುಮ್ನೆ ಇಳಿದು ಎತ್ಕಂಡ್ ಹೋಗ್ತೈತೆ."

ಅವಳ ದನಿಯಲ್ಲಿ ಸಂಭ್ರಮವಿತ್ತು. ನಾನು ಹೂಂ ಎಂದೆ. ನಾಲ್ಕು ದಿನ ಓಡಾಡ್ತಾವೆ ಎಂದು ಅಂಗಡಿಯವನು ಅಂದದ್ದು ಆಗ ನೆನಪಾಯಿತು. ಉಳುವುದನ್ನು ಅಲ್ಲೇ ಬಿಟ್ಟು ಊರಿಗೆ ಬಂದೆ. ಅವಳು ಕಾಲೇಜಿಗೆ ಹೋಗಿದ್ದಳು. ಬದುವಿನ ಉದ್ದಕ್ಕೂ ಸತ್ತದ್ದು, ಸಾಯುವಂಥದ್ದು ಎಲ್ಲ ಇಲಿಯನ್ನೂ ಆರಿಸಿ ಅರ್ಧ ಗೊಬ್ಬರದ ಚೀಲ ತುಂಬಿದೆ, ಹೂಳಿದೆ. ತಲೆ ಎತ್ತಿದರೆ ಗಂಡು ಗಿಡುಗ ಕರೆಂಟಿನ ತಂತಿಯ ಮೇಲೆ ಕೂತು ಕೆಳಗಿನ ಗದ್ದೆಯನ್ನು ನೋಡುತ್ತಿತ್ತು. ಚೆನ್ನಾಗಿಯೇ ಇತ್ತು. ದೇವರು ದೊಡ್ಡವನು ಎಂದುಕೊಂಡೆ.

ಎರಡು ದಿನ ಬಿಟ್ಟು ಅದು ಬದುವಿನ ಮೇಲೆ ನೆಲದಲ್ಲಿ ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಕೊಕ್ಕಿನ ಮೂಲೆಯಲ್ಲಿ ರಕ್ತ. ಅಷ್ಟು ಹತ್ತಿರದಿಂದ ಆ ಕೆಂಪು ಕಣ್ಣನ್ನು ಅದೇ ಮೊದಲ ಸಲ ನೋಡಿದ್ದು. ಮಧ್ಯಾಹ್ನದ ಹೊತ್ತಿಗೆ ಸತ್ತಿತು. ಹೆಣ್ಣು ಮಾರನೇ ದಿನ ಗೂಡಿನಿಂದ ಕೆಳಗೆ ಬಿದ್ದಿತ್ತು. ಮಗಳು ಅಳಲಿಲ್ಲ, ಏಣಿ ತಾ ಎಂದಳು. ಮುಳ್ಳಿಗೆ ಗೋಣಿ ಸುತ್ತಿಕೊಂಡು ನಾನು ಹತ್ತಿದೆ. ಎರಡು ಮರಿ ಸತ್ತಿದ್ದವು. ಮೂರನೆಯದು ನನ್ನ ಕೈ ಕಂಡು ಬಾಯಿ ತೆರೆಯಿತು. ಕೆಳಗೆ ತರುವಷ್ಟರಲ್ಲಿ ಬಾಯಿ ತೆರೆದೇ ಇತ್ತು, ಉಸಿರಿರಲಿಲ್ಲ.

"ಏನಾಗಿರ್ಬೋದು ಅಪ್ಪ?"

"ರೋಗ ಇರ್ಬೇಕು. ಹಕ್ಕಿಗೂ ಬರ್ತಾವಲ್ಲ."

ಅವಳು ನನ್ನ ಮುಖ ನೋಡಿದಳು. ಗರುಡನ ವಿಷಯದಲ್ಲಿ ನಂಬಿದ ಹಾಗೆಯೇ ಇದನ್ನೂ ನಂಬಿದಳು. ಪುಸ್ತಕದಲ್ಲಿ, ಬಹುಶಃ ರೋಗ, ಹೇಳಿದವರು ಅಪ್ಪ, ಎಂದು ಬರೆದಳು.

ಕೊಯ್ಲು ಮುಗಿಯಿತು. ಮೂರು ತಿಂಗಳು ನಾನು ಬಾಯಿ ಬಿಡಲಿಲ್ಲ. ಒಂದು ಸಂಜೆ ಅವಳು ಟೈಪ್ ಮಾಡಿಸಿದ ಪ್ರಾಜೆಕ್ಟ್ ತಂದು ಜಗಲಿಯ ಮೇಲೆ ನನ್ನ ಕೈಗೆ ಕೊಟ್ಟಳು. ಮಾರನೇ ದಿನ ಕಾಲೇಜಿಗೆ ಕೊಡುವುದಿತ್ತು. ಮೊದಲ ಪುಟದಲ್ಲೇ ನನ್ನ ಹೆಸರಿತ್ತು. ಕೊನೆಯ ಪುಟದಲ್ಲಿ ನಾನು ಹೇಳಿದ ರೋಗದ ಮಾತಿತ್ತು. ಅಚ್ಚಿನಲ್ಲಿ ಅದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಹೇಳಿದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಹುಣ್ಣಿಮೆ ಕಡುಬಿನಾಗಾ?"

"ಹೂಂ."

"ಅಜ್ಜಿಗೆ ಗೊತ್ತಾ?"

"ಇಲ್ಲ."

"ಹೇಳ್ಬೇಡ," ಎಂದಳು. ಪೆನ್ನು ತೆಗೆದು ಕೊನೆಯ ಪುಟದ ಆ ಸಾಲನ್ನು ಹೊಡೆದಳು, ಪಕ್ಕದಲ್ಲಿ ಕೈಯಲ್ಲೇ, ಇಲಿಮದ್ದು, ಎಂದು ಬರೆದಳು. ಯಾರು ಇಟ್ಟಿದ್ದು ಎಂದು ಬರೆಯಲಿಲ್ಲ. ಮೊದಲ ಪುಟದ ಹೆಸರನ್ನು ಹೊಡೆಯುತ್ತಾಳೇನೋ ಎಂದು ಕಾದೆ. ಅದನ್ನು ಹಾಗೆಯೇ ಬಿಟ್ಟು ಒಳಗೆ ಹೋದಳು.

ಈಗ ಶಿವಮೊಗ್ಗದಲ್ಲಿ ಮುಂದಕ್ಕೆ ಓದುತ್ತಿದ್ದಾಳೆ. ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಭತ್ತ ಹೇಗಿದೆ, ಅಜ್ಜಿಯ ಮಂಡಿನೋವು ಹೇಗಿದೆ ಎಂದು ಕೇಳುತ್ತಾಳೆ. ಹಕ್ಕಿಯ ವಿಷಯ ಎತ್ತುವುದಿಲ್ಲ. ರಜೆಗೆ ಬಂದಾಗ ಆಕಾಶದಲ್ಲಿ ಏನಾದರೂ ಸುತ್ತಿದರೆ ಇಬ್ಬರೂ ನೋಡುತ್ತೇವೆ. ಅದೇನು ಎಂದು ಅವಳು ಕೇಳುವುದಿಲ್ಲ, ನಾನಾಗಿ ಹೇಳುವ ಧೈರ್ಯ ನನಗಿಲ್ಲ. ಹುಣ್ಣಿಮೆಯ ದಿನ ಅವ್ವ ಇಲಿಯ ಎಡೆಯನ್ನು ಹೂಳುವಾಗ ಪಕ್ಕದಲ್ಲಿ ಕೈಮುಗಿದು ನಿಲ್ಲುತ್ತೇನೆ. ಆ ಅಂಗಡಿಗೆ ಮತ್ತೆ ಹೋಗಿಲ್ಲ. ಹಕ್ಕಿ ಕೂತು ಇಲಿ ಹಿಡಿಯಲೆಂದು ಗದ್ದೆಯೊಳಗೆ ಕವಲು ಕೋಲು ನೆಟ್ಟಿದ್ದೇನೆ.

ಈಗ ನನ್ನಲ್ಲಿರುವುದು ಎರಡು ಎಕರೆ ಹದಿನೈದು ಗುಂಟೆ ಗದ್ದೆ, ಒಂದು ಟ್ರ್ಯಾಕ್ಟರ್, ಹನ್ನೊಂದು ಕವಲು ಕೋಲು. ಈ ವರ್ಷ ಅವುಗಳ ಮೇಲೆ ಕೂತದ್ದು ಕಾಜಾಣ ನಾಲ್ಕು, ಮಿಂಚುಳ್ಳಿ ಒಂದು. ಗಿಡುಗ ಇಲ್ಲ.