ಕಿವಿ ಪರೀಕ್ಷೆಯಲ್ಲಿ ಪಾಸಾದ ಗಂಗುಲಪ್ಪ

2021ರ ಜುಲೈ ತಿಂಗಳು. ಕೆ.ಜಿ.ಎಫ್. ಕಡೆಯ ಒಂದು ಕಂದಾಯ ಕಚೇರಿಯಲ್ಲಿ ನಾನು ಪಿಂಚಣಿ ವಿಭಾಗದ ವಿಷಯ ನಿರ್ವಾಹಕಿಯಾಗಿದ್ದೆ. ವಿಷಯ ನಿರ್ವಾಹಕಿ ಎಂದರೆ ಅರ್ಜಿಗೆ ಕಡತ ತೆರೆದು, ಟಿಪ್ಪಣಿ ಬರೆದು, ಮೇಲಿನವರ ಸಹಿಗೆ ಕಳಿಸುವವಳು. ಸಹಿ ಹಾಕುವವರು ಅವರು, ಜನರ ಕೈಲಿ ಬೈಸಿಕೊಳ್ಳುವವಳು ನಾನು. ನಿವೃತ್ತಿಗೆ ಹತ್ತು ತಿಂಗಳು ಉಳಿದಿತ್ತು. ದಿನಾ ಬಂಗಾರಪೇಟೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ.

ಹಾಗಂತ ಆ ಊರಿಗೆ ನಾನು ಹೊರಗಿನವಳಲ್ಲ. ಹುಟ್ಟಿ ಬೆಳೆದದ್ದು ನಂದಿದುರ್ಗದ ಲೈನಿನಲ್ಲಿ. ಗಣಿ ಕಾರ್ಮಿಕರ ಸಾಲುಮನೆಗಳಿಗೆ ಅಲ್ಲಿ ಲೈನು ಅಂತಲೇ ಹೆಸರು. ಅಪ್ಪ ಅಲ್ಲಿನ ಗಣಿಯ ಸಣ್ಣ ಡಿಸ್ಪೆನ್ಸರಿಯಲ್ಲಿ ಕಾಂಪೌಂಡರ್. ಪಾಳಿ ಬದಲಾಗುವಾಗ ಗಣಿಯ ಸೈರನ್ ಕೂಗುತ್ತಿತ್ತು. ನಾವೆಲ್ಲ ಅದನ್ನು ಸಂಗು ಎನ್ನುತ್ತಿದ್ದೆವು. ಅಮ್ಮ ಎಸರಿಡುತ್ತಿದ್ದದ್ದು ಸಂಗು ಕೇಳಿ, ನಾವು ಶಾಲೆಗೆ ಓಡುತ್ತಿದ್ದದ್ದೂ ಸಂಗು ಕೇಳಿಯೇ. ಸಂಜೆ ಬೀದಿಯಲ್ಲಿ ಕುಂಟೆಬಿಲ್ಲೆ ಆಡುವಾಗ ಒಂದೊಂದು ಮನೆ ಹಾರಿದ ಹಾಗೂ 'ಮೂರು, ಏಳು, ಹನ್ನೊಂದು' ಎಂದು ಕೂಗುತ್ತಿದ್ದೆವು. ಅವೇ ಮೂರು ಅಂಕಿ ಯಾಕೆ ಅಂತ ನಾನು ಯೋಚಿಸಿದವಳೇ ಅಲ್ಲ. ಲೈನಿನ ಮಕ್ಕಳಿಗೆಲ್ಲ ಅದು ಬಾಯಿಪಾಠವಾಗಿತ್ತು. ಅಷ್ಟು ವರ್ಷದ ಮೇಲೂ ಬಸ್ಸು ಉರಿಗಾಂ ದಾಟುವಾಗ ಅದೆಲ್ಲ ನೆನಪಾಗಿ, ಇಳಿಯುವ ಹೊತ್ತಿಗೆ ಮನಸ್ಸು ಮೆತ್ತಗಾಗಿರುತ್ತಿತ್ತು. ಕಚೇರಿಯ ಮೆಟ್ಟಿಲು ಹತ್ತಿ ಕಡತಗಳ ರಾಶಿ ನೋಡಿದರೆ ಮತ್ತೆ ಗಟ್ಟಿಯಾಗುತ್ತಿತ್ತು.

ಅಂಗವಿಕಲರ ಮಾಸಾಶನಕ್ಕೆ ಬೇಕಾದ ಕಾಗದಗಳು ಹಲವು: ಆಧಾರ್, ರೇಷನ್ ಕಾರ್ಡು, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ವೈದ್ಯರು ಕೊಡುವ ಅಂಗವೈಕಲ್ಯದ ಪ್ರಮಾಣಪತ್ರ. ಅದರಲ್ಲಿ ಶೇಕಡಾ ನಲವತ್ತು ಅಥವಾ ಅದಕ್ಕಿಂತ ಹೆಚ್ಚು ಎಂದಿರಬೇಕು. ಮೂವತ್ತೊಂಬತ್ತಿದ್ದರೂ ಅರ್ಜಿ ವಾಪಸ್ಸು. ಆ ನಲವತ್ತರ ಗೆರೆಯನ್ನು ಕಾಯುತ್ತಾ ನಾನು ವರ್ಷಗಟ್ಟಲೆ ಕುಳಿತಿದ್ದೆ.

ಒಂದು ಬೆಳಿಗ್ಗೆ ನಾರಾಯಣಮ್ಮ ಎಂಬಾಕೆ ಗಂಡನನ್ನು ಕರೆದುಕೊಂಡು ಬಂದರು. ಗಂಡನ ಹೆಸರು ಗಂಗುಲಪ್ಪ, ವಯಸ್ಸು ಐವತ್ತೇಳು. ಬೇತಮಂಗಲದ ಹತ್ತಿರದ ಹಳ್ಳಿಯವರು, ಇಪ್ಪತ್ತರ ಹರೆಯದಲ್ಲಿ ಗಣಿಗೆ ಸೇರಿ ಭೂಮಿಯ ಆಳದಲ್ಲಿ ಡ್ರಿಲ್ಲಿಂಗ್ ಮೆಷಿನ್ ಹಿಡಿದವರು. ಗಣಿ ಮುಚ್ಚಿದ ಮೇಲೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿದ್ದರು. ಹಿಂದಿನ ವರ್ಷ ಆ ಕೆಲಸ ಹೋಗಿತ್ತು. ವಾಸ ಮಾತ್ರ ಇನ್ನೂ ನಂದಿದುರ್ಗದ ಲೈನಿನಲ್ಲೇ.

"ಇವ್ರಿಗೆ ಕಿವಿ ಕೇಳ್ಸಲ್ಲ ಮೇಡಮ್. ಅದ್ಕೇ ಬಂದ್ವಿ" ಎಂದರು ನಾರಾಯಣಮ್ಮ.

ನಾನು ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡು ಆಗಷ್ಟೇ ಬಂದ ಚಹಾ ಕುಡಿಯುತ್ತಿದ್ದೆ. ಹಾಗೇ ಗಂಗುಲಪ್ಪನವರ ಕಡೆ ತಿರುಗಿ ಊರು, ವಯಸ್ಸು, ಗಣಿಯಲ್ಲಿ ಎಷ್ಟು ವರ್ಷ ಅಂತ ಮಾಮೂಲಿ ದನಿಯಲ್ಲೇ ಕೇಳಿದೆ. ಒಂದೊಂದಕ್ಕೂ ಪಟಪಟನೆ ಉತ್ತರ ಬಂತು. ಮುಖದ ತುಂಬ ನಗು ಬೇರೆ.

ನನಗೆ ಮೂಗಿನ ತುದಿಯಲ್ಲೇ ಕೋಪ. "ಚೆನ್ನಾಗೇ ಕೇಳುತ್ತಲ್ಲಮ್ಮ" ಅಂದೆ.

"ಕೇಳಲ್ಲ ಮೇಡಮ್, ನೋಡ್ತಾರೆ" ಎಂದರು ಆಕೆ.

ಆ ಮಾತು ನನ್ನ ತಲೆಗೆ ಹತ್ತಲಿಲ್ಲ. ಮಾಸಾಶನಕ್ಕಾಗಿ ಏನೇನೋ ಹೇಳುವವರನ್ನು ದಿನಾ ನೋಡುತ್ತಿದ್ದೆನಲ್ಲ, ಇದೂ ಅದೇ ಎಂದುಕೊಂಡೆ. ಮೊದಲು ಆಸ್ಪತ್ರೆಯ ಪ್ರಮಾಣಪತ್ರ ತನ್ನಿ ಅಂತ ಕಳಿಸಿಬಿಟ್ಟೆ.

ಮೂರು ವಾರದ ಮೇಲೆ ಅವರು ಪ್ರಮಾಣಪತ್ರ ತಂದರು. ಶ್ರವಣದೋಷ ಶೇಕಡಾ ಹನ್ನೆರಡು ಎಂದಿತ್ತು. ನಾನು ಹೇಳಲಿಲ್ಲವೇ ಎಂಬ ಸಣ್ಣ ಗೆಲುವು ಮನಸ್ಸಿನಲ್ಲಿ ಮೂಡಿತು. ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಮೂಡಿದ್ದು ನಿಜ. "ಹನ್ನೆರಡಕ್ಕೆ ಏನೂ ಬರಲ್ಲಮ್ಮ, ನಲವತ್ತು ಬೇಕು" ಅಂದೆ.

ನಾರಾಯಣಮ್ಮ ಜಗಳ ಮಾಡಲಿಲ್ಲ. ಗಂಡ ಬಾಗಿಲಾಚೆ ಹೋಗುವ ತನಕ ಕಾದು ಮೇಜಿನ ಹತ್ತಿರ ಬಗ್ಗಿದರು.

"ಮೇಡಮ್, ಕೆಲ್ಸ ಓದಾಗಿಂದ ಇವ್ರು ಒಂದೇ ಮುದ್ದೆಗೆ ಎದ್ಬಿಡ್ತಾರೆ. ಮೊದ್ಲು ಎರಡು ಉಣ್ತಿದ್ರು. ಕೇಳಿದ್ರೆ, ದುಡೀದೆ ಇರೋನ್ಗೆ ಎರಡ್ಯಾಕೆ ಅಂತಾರೆ. ನಾನ್ ಟಮೋಟ ಕೀಳಕ್ ಓಗಿ ಕೂಲಿ ತರ್ತೀನಿ, ರಾಗಿಗೇನೂ ಕಮ್ಮಿ ಇಲ್ಲ. ಅದು ನಿಂದು ಅಂತಾರೆ. ಇವ್ರ ಎಸ್ರಲ್ಲಿ ಒಂದಿಷ್ಟು ದುಡ್ಡು ಬಂದ್ರೆ ಉಣ್ತಾರೆ ಅಂತ ಇಷ್ಟೆಲ್ಲ ತಿರುಗ್ದೆ."

ನಾನು ಏನು ಹೇಳಿದೆನೋ ನೆನಪಿಲ್ಲ. ನಿಯಮ ಎಂದಿರಬೇಕು. ಬೇರೇನೂ ತೋಚದಾಗ ನಾವು ಹೇಳುವುದು ಅದನ್ನೇ.

ಅರ್ಜಿ ತಿರಸ್ಕರಿಸಿದಾಗ ಕಾರಣ ಬರೆದು ಅರ್ಜಿದಾರರಿಗೆ ಕೊಡುವ ಪತ್ರಕ್ಕೆ ಹಿಂಬರಹ ಎನ್ನುತ್ತೇವೆ. ಅದನ್ನು ಅಂಚೆಗೆ ಹಾಕಿದರೆ ಮುಗಿಯಿತು. ಆದರೆ ಆ ಹಿಂಬರಹ ನಾಲ್ಕು ದಿನ ನನ್ನ ಮೇಜಿನ ಮೇಲೇ ಇತ್ತು. ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಸಾಕು, ಆ ಒಂದು ಮುದ್ದೆ ನೆನಪಾಗುತ್ತಿತ್ತು. ಶನಿವಾರ ಅದನ್ನು ಬ್ಯಾಗಿಗೆ ಹಾಕಿಕೊಂಡು ನಾನೇ ನಂದಿದುರ್ಗಕ್ಕೆ ಹೊರಟೆ. ಹಳೆಯ ಲೈನು ನೋಡಿ ಬಂದಂತಾಗುತ್ತದೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ಲೈನು ಹಾಗೇ ಇತ್ತು, ಆದರೆ ಇಷ್ಟೇ ಇಷ್ಟಾಗಿ ಕಂಡಿತು. ನಾವು ಓಡಾಡಿದ ಬೀದಿ ಇಷ್ಟು ಕಿರಿದೇ ಅನ್ನಿಸಿತು. ಡಿಸ್ಪೆನ್ಸರಿಯ ಗೋಡೆ ನಿಂತಿತ್ತು, ಮೇಲೆ ಚಾವಣಿ ಇರಲಿಲ್ಲ. ಅಪ್ಪ ಔಷಧಿ ಕೊಡುತ್ತಿದ್ದ ಕಿಟಕಿಯೊಳಗೆ ಸೀಮೆಜಾಲಿ ಬೆಳೆದಿತ್ತು. ಅಲ್ಲಿ ನಿಂತಾಗ ಸಂಗು ಈಗ ಕೂಗೀತು ಅನ್ನಿಸಿ ಅಳು ಬಂತು. ಯಾರೂ ನೋಡಲಿಲ್ಲವೆಂದು ಕಣ್ಣೊರೆಸಿಕೊಂಡು ಮುಂದೆ ಹೋದೆ.

ಗಂಗುಲಪ್ಪ ಮನೆಯ ಮುಂದೆ ನನಗೆ ಬೆನ್ನು ಹಾಕಿ ಕುಳಿತು ಸೌದೆ ಸೀಳುತ್ತಿದ್ದರು. ಹೆಸರು ಹಿಡಿದು ಕರೆದೆ, ತಿರುಗಲಿಲ್ಲ. ಹತ್ತಿರ ಹೋಗಿ ಇನ್ನೂ ಗಟ್ಟಿಯಾಗಿ ಕೂಗಿದೆ. ಎದುರುಮನೆಯ ನಾಯಿ ಎದ್ದು ಬೊಗಳಿತು, ಅವರು ಮಾತ್ರ ಸೌದೆ ಸೀಳುತ್ತಲೇ ಇದ್ದರು. ಒಳಗಿಂದ ಬಂದ ನಾರಾಯಣಮ್ಮ ಒಂದು ಸಣ್ಣ ಕಲ್ಲು ಹೆಕ್ಕಿ ಗಂಡನ ಕಾಲ ಮುಂದೆ ಬೀಳುವಂತೆ ಎಸೆದರು. ಅದು ಅವರು ಗಂಡನನ್ನು ಕರೆಯುವ ರೀತಿ. ಕಲ್ಲು ನೋಡಿ ತಲೆಯೆತ್ತಿ, ತಿರುಗಿ, ನನ್ನನ್ನು ಕಂಡು ಗಂಗುಲಪ್ಪ ನಕ್ಕರು. "ಬನ್ನಿ ಮೇಡಮ್, ಕೂತ್ಕಳಿ."

ಆಗ ನನಗೆ ಹೊಳೆಯಿತು. ಇವರು ಕೇಳುತ್ತಿದ್ದದ್ದು ಕಣ್ಣಲ್ಲಿ, ಎದುರಿನವರ ತುಟಿ ನೋಡಿ. ಕೊರೊನಾ ಬಂದು ಊರಿಗೆ ಊರೇ ಮಾಸ್ಕಿನಿಂದ ಬಾಯಿ ಮುಚ್ಚಿಕೊಂಡಾಗ ಗೇಟಿನಲ್ಲಿ ಬಂದವರ ಮಾತು ತಿಳಿಯದೆ ಕೆಲಸ ಹೋಗಿತ್ತು. ನಾನು ಅವತ್ತು ಚಹಾ ಕುಡಿಯದೆ ಮಾಸ್ಕ್ ಹಾಕಿಕೊಂಡೇ ಮಾತಾಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಆದರೆ ಆಸ್ಪತ್ರೆಯಲ್ಲಿ ಹನ್ನೆರಡು ಹೇಗೆ ಬಂತು? ಮಾಸ್ಕ್ ಇಳಿಸಿ, ಎದುರು ಕುಳಿತು ಕೇಳಿದೆ. ಆಡಿಯೋಮೆಟ್ರಿ ಎಂಬ ಆ ಪರೀಕ್ಷೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಸಣ್ಣ ಸಣ್ಣ ಸದ್ದು ಕೊಡುತ್ತಾರೆ. ಕೇಳಿಸಿದಾಗಲೆಲ್ಲ ಬೆರಳೆತ್ತಬೇಕು.

"ಟೆಸ್ಟ್ ಮಾಡೋ ಆಯಪ್ಪ ಇಂದ್ಗಡೆ ಕೂತಿದ್ದ. ಮುಂದ್ಗಡೆ ಬೀರು ಇತ್ತು, ಗಾಜಿನ್ ಬಾಗ್ಲು. ಅದ್ರಾಗೆ ಆಯಪ್ಪನ ಕೈ ಕಾಣ್ತಿತ್ತು. ಬಟನ್ ಒತ್ತಿದಂಗೆಲ್ಲ ನಾನ್ ಬೆಳ್ಳು ಎತ್ದೆ. ಒಂದೆರಡು ತಪ್ಪೋಯ್ತು, ಅಷ್ಟೇ" ಎಂದರು ಗಂಗುಲಪ್ಪ. ಹೇಳುವಾಗ ಅವರ ಮುಖ ಬೆಳಗಿತ್ತು.

"ಕೇಳದೇ ಇದ್ದರೂ ಎತ್ತಿದಿರಾ? ಯಾಕೆ?"

"ಟೆಸ್ಟು ಮೇಡಮ್. ಪಾಸಾಗ್ಬೇಕಲ್ವಾ?"

ನಾರಾಯಣಮ್ಮ ತಲೆ ಚಚ್ಚಿಕೊಂಡರು. ಗಂಗುಲಪ್ಪ ಮಾತ್ರ ನನಗೆ ಸಮಾಧಾನವಾಗಿ ವಿವರಿಸಿದರು. ಗಣಿಯಲ್ಲಿ ವರ್ಷಕ್ಕೊಮ್ಮೆ ಮೆಡಿಕಲ್ ಇರುತ್ತಿತ್ತು. ಕಿವಿಯೋ ಕಣ್ಣೋ ಕೈಕೊಟ್ಟಿದೆ ಎಂದು ಗೊತ್ತಾದರೆ ಆಳದ ಕೆಲಸದಿಂದ ಬಿಡಿಸಿ ಮೇಲೆ ಹಾಕುತ್ತಿದ್ದರು, ಸಂಬಳ ಇಳಿಯುತ್ತಿತ್ತು. ಡ್ರಿಲ್ಲಿಂಗ್ ಮೆಷಿನ್ ಹಿಡಿದವರ ಕಿವಿ ಹತ್ತು ವರ್ಷದಲ್ಲಿ ಹೋಗುವುದು ಎಲ್ಲರಿಗೂ ತಿಳಿದ ವಿಷಯ. ಹಾಗಾಗಿ ಹೊಸದಾಗಿ ಸೇರಿದವನಿಗೆ ಹಿರಿಯರು ಮೆಷಿನ್ ಹಿಡಿಯುವುದಕ್ಕೂ ಮೊದಲು ಮೆಡಿಕಲ್ ಪಾಸಾಗುವುದನ್ನು ಕಲಿಸುತ್ತಿದ್ದರು.

"ಕಾಂಪೌಂಡ್ರು ಇಂದೆ ನಿಂತ್ಕಂಡು ಪಿಸಪಿಸ ಅಂತ ನಂಬರ್ ಏಳೋರು. ನಾವೂ ಅದನ್ನೇ ಏಳ್ಬೇಕು. ಪುಣ್ಯಾತ್ಮ, ವರ್ಷಾ ವರ್ಷಾ ಅದೇ ನಂಬ್ರು. ಮೂರು, ಏಳು, ಅನ್ನೊಂದು. ಲೈನ್ನಾಗೆ ಮಕ್ಳಿಗೂ ಗೊತ್ತಿತ್ತು."

ಹಿಂದೆ ನಿಂತು ಪಿಸುಗುಟ್ಟುತ್ತಿದ್ದ ಆ ಕಾಂಪೌಂಡರು ನನ್ನ ಅಪ್ಪ. ಸುಳ್ಳು ಹೇಳಿದರೆ ಬೆತ್ತ ಹಿಡಿಯುತ್ತಿದ್ದ ಮನುಷ್ಯ, ಪ್ರತಿವರ್ಷ ನೂರಾರು ಜನರಿಗೆ ಒಂದೇ ಉತ್ತರವಿರುವ ಪರೀಕ್ಷೆ ಮಾಡಿದ್ದರು. ಮನೆಯಲ್ಲಿ ಒಂದು ದಿನವೂ ಬಾಯಿಬಿಡಲಿಲ್ಲ. ನಾನು ಕುಂಟೆಬಿಲ್ಲೆ ಆಡುತ್ತಾ ಅದನ್ನು ಬೀದಿಗೆಲ್ಲ ಸಾರಿದ್ದೆ.

ಹೆಮ್ಮೆಯಾಯಿತು, ಹಾಗೇ ಸಂಕಟವೂ ಆಯಿತು. ಅಪ್ಪನ ದಯೆಯಿಂದ ಆ ಮನೆಗಳಲ್ಲಿ ಒಲೆ ಉರಿಯಿತು ನಿಜ. ಆದರೆ ಅದೇ ದಯೆಯಿಂದ ಇವರ ಕಿವಿ ಹೋದದ್ದು ಯಾವ ರಿಜಿಸ್ಟರಿನಲ್ಲೂ ದಾಖಲಾಗಲಿಲ್ಲ. ಇವತ್ತು ತೋರಿಸೋಣವೆಂದರೆ ಒಂದು ಚೀಟಿಯಿಲ್ಲ. ನಾನು ಯಾರ ಮಗಳೆಂದು ಹೇಳಿದೆ. ಗಂಗುಲಪ್ಪ ಎದ್ದು ನಿಂತು ಕೈಮುಗಿದರು. "ನಿಮ್ಮಪ್ಪೋರಿಂದ ನನ್ ಎರಡ್ ಎಣ್ಮಕ್ಳು ದಡ ಸೇರಿದ್ರು" ಎಂದರು.

ಹಿಂಬರಹ ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ. ಪ್ರಮಾಣಪತ್ರದಲ್ಲಿ ತಪ್ಪಿದೆ ಎನಿಸಿದರೆ ಮರುಪರೀಕ್ಷೆ ಕೇಳುವ ಹಕ್ಕು ಅರ್ಜಿದಾರರಿಗಿದೆ. ಅಲ್ಲೇ ಜಗಲಿಯ ಮೇಲೆ ಕುಳಿತು ಅವರ ಪರವಾಗಿ ಮನವಿ ಬರೆದೆ. ಬೇರಾ ಎಂಬ ಇನ್ನೊಂದು ಪರೀಕ್ಷೆ ಮಾಡಿಸಬೇಕೆಂದೂ ಸೇರಿಸಿದೆ. ಅದರಲ್ಲಿ ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ, ಸದ್ದಿಗೆ ಮಿದುಳು ಏನು ಉತ್ತರ ಕೊಡುತ್ತದೆ ಎಂದು ಯಂತ್ರವೇ ಅಳೆಯುತ್ತದೆ, ಬೆರಳೆತ್ತುವ ಕೆಲಸವಿಲ್ಲ. ಆದರೆ ಅದಕ್ಕೂ ಮೊದಲು ಹಳೆಯ ಬೆರಳಿನ ಪರೀಕ್ಷೆ ಮತ್ತೊಮ್ಮೆ ಆಗಲೇಬೇಕಿತ್ತು. ತೊಡಕು ಬಂದದ್ದು ಅಲ್ಲೇ.

"ಬೆಳ್ಳು ಎತ್ದೆ ಕೂತ್ರೆ ಮೋಸ ಮಾಡ್ದಂಗಾಗಲ್ವಾ ಮೇಡಮ್?" ಎಂದು ಕೇಳಿದರು ಗಂಗುಲಪ್ಪ.

ನಾರಾಯಣಮ್ಮ ಬಾಯಿ ತೆರೆದರು, ನಾನು ಕೈಸನ್ನೆ ಮಾಡಿ ತಡೆದೆ. ಇಡೀ ಜೀವಮಾನ ಕೇಳುತ್ತದೆ ಎಂದು ತೋರಿಸಿಕೊಂಡೇ ಮನೆ ಸಾಕಿದ ಮನುಷ್ಯನಿಗೆ ಕೇಳುವುದಿಲ್ಲ ಎನ್ನುವುದೇ ಸುಳ್ಳಾಗಿಬಿಟ್ಟಿತ್ತು. ನಾನು ಅವರ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದೆ. "ಗಂಗುಲಪ್ಪನೋರೇ, ಕಾಂಪೌಂಡರ ಮಗಳು ಹೇಳ್ತಿದೀನಿ. ಆ ನಂಬರು ಮುಗೀತು. ಕೇಳಿಸಿದ್ರೆ ಎತ್ತಿ, ಕೇಳಿಸದೇ ಇದ್ರೆ ಸುಮ್ಮನಿರಿ."

ಅವರು ಸೀಳಿದ ಸೌದೆಯನ್ನು ಒಂದರ ಮೇಲೊಂದು ಜೋಡಿಸಿಟ್ಟು "ಆಯ್ತು" ಎಂದರು.

ಮರುಪರೀಕ್ಷೆಯ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಗಾಜಿನ ಬೀರುವಿನ ವಿಷಯ ವೈದ್ಯರಿಗೆ ಹೇಳಿದಾಗ ಅವರು ನಕ್ಕು, ಕುರ್ಚಿಯನ್ನು ಖಾಲಿ ಗೋಡೆಯ ಕಡೆ ತಿರುಗಿಸಿದರು. ಬಾಗಿಲ ಸಂದಿಯಿಂದ ನನಗೆ ಗಂಗುಲಪ್ಪನವರ ಬೆನ್ನು ಕಾಣುತ್ತಿತ್ತು. ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಅವುಗಳ ಮೇಲೆ ಕುಳಿತಿದ್ದರು. ಅಭ್ಯಾಸಬಲದಿಂದ ಬೆರಳು ತಾನಾಗಿಯೇ ಎದ್ದೀತೆಂದು ಭಯ. ಇಪ್ಪತ್ತು ನಿಮಿಷದಲ್ಲಿ ಬಲಗೈ ಎರಡೇ ಸಲ ಹೊರಗೆ ಬಂತು. ಹೊರಗೆ ಬಂದವರು ಹೆಂಡತಿಯ ಮುಖ ನೋಡಲಾಗದೆ, "ಪೇಲಾದೆ ಕಣಮ್ಮಿ" ಎಂದರು. ನಾರಾಯಣಮ್ಮ ಅವರ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂರಿಸಿದರು.

ಬೇರಾ ಪರೀಕ್ಷೆಯ ಫಲಿತಾಂಶವೂ ಅದನ್ನೇ ಹೇಳಿತು. ಹೊಸ ಪ್ರಮಾಣಪತ್ರದಲ್ಲಿ ಶೇಕಡಾ ಅರವತ್ತೊಂಬತ್ತು ಎಂದು ಬಂತು. ಡಿಸೆಂಬರಿನಲ್ಲಿ ಮಂಜೂರಾತಿ ಆದೇಶ ಹೊರಟಿತು. ಅದರ ಟಿಪ್ಪಣಿ ಬರೆದವಳು ನಾನೇ.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಅರ್ಜಿ ನಮೂನೆಯಲ್ಲಿ 'ನಿನ್ನ ಕೈಲಿ ಏನು ಆಗುವುದಿಲ್ಲ, ಹೇಳು' ಎಂದು ಒಂದೇ ಗೆರೆಯಲ್ಲಿ ಕೇಳುತ್ತೇವೆ. ಆಗುವುದಿಲ್ಲ ಎಂಬ ಮಾತನ್ನು ಬಾಯಿಂದ ಹೊರಡಿಸದೆ ಬದುಕಿದವರಿಗೆ ಆ ಗೆರೆ ತುಂಬುವುದು ಎಷ್ಟು ಕಷ್ಟವೆಂದು ನನಗೆ ತಿಳಿದದ್ದು ಸರ್ವಿಸ್ಸಿನ ಕೊನೆಯ ವರ್ಷದಲ್ಲಿ. ನಗುನಗುತ್ತಾ ಎಲ್ಲಕ್ಕೂ ಉತ್ತರ ಕೊಡುವ ಅರ್ಜಿದಾರನನ್ನು ಅನುಮಾನಿಸುವ ಮೊದಲು ಅವನ ಮನೆಯ ತನಕ ಒಂದು ಸಲ ನಡೆದುಹೋಗಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ತಡವಾಗಿ.

ನಿವೃತ್ತಿಯ ಮಾರನೇ ವಾರ ನಾರಾಯಣಮ್ಮ ಊಟಕ್ಕೆ ಕರೆದಿದ್ದರು. ಅವರೆಕಾಳಿನ ಸಾರು ಮಾಡಿದ್ದರು. ಗಂಗುಲಪ್ಪನವರ ಒಂದು ಮುದ್ದೆ ಮುಗಿಯಿತು. ನಾರಾಯಣಮ್ಮ ಏನೂ ಕೇಳದೆ ಎರಡನೆಯದನ್ನು ತಟ್ಟೆಗೆ ಹಾಕಿದರು. ಗಂಗುಲಪ್ಪ ಏಳಲಿಲ್ಲ. ನಾನು ಕೈ ತೊಳೆಯಲು ಎದ್ದವಳು ಅವರ ಹಿಂದೆ ನಿಂತು, ಅಪ್ಪ ಹೇಳುತ್ತಿದ್ದಷ್ಟೇ ಮೆಲ್ಲಗೆ, "ಮೂರು, ಏಳು, ಹನ್ನೊಂದು" ಎಂದೆ.

ಗಂಗುಲಪ್ಪ ತಿರುಗಲಿಲ್ಲ. ಎರಡನೇ ಮುದ್ದೆ ಮುರಿದು ಸಾರಿಗೆ ಅದ್ದಿಕೊಂಡರು.